ಗ್ಯಾರಂಟಿನಾ ಮಗಾ?

ಕರ್ನಾಟಕದಲ್ಲಿ ಜಿಲ್ಲೆಗಳೆಷ್ಟು? ಮೂವತ್ತೊಂದು. ಇಷ್ಟು ಹೇಳೋದಕ್ಕೆ ಸಿಟ್ಟು ಬೇಕಾಗಿಲ್ಲ. ಆದರೆ ಬಂದಿದೆ, ಇನ್ನೂ ಇಳಿದಿಲ್ಲ.

ಮೊನ್ನೆ ಶನಿವಾರ ಮಂಡ್ಯದ ಒಂದು ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವದ ಅಂತರಶಾಲಾ ರಸಪ್ರಶ್ನೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು 31 ಅಂದಳು, ಸೊನ್ನೆ ತಗೊಂಡು ಕೂತಳು. ಪ್ರಶ್ನೆ ಪಕ್ಕದ ತಂಡಕ್ಕೆ ಪಾಸ್ ಆಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತೊಂದು ಅಲ್ಲವಂತೆ ಅಂದಮೇಲೆ ಇನ್ನೇನಿದ್ದೀತು ಅಂತ ಒಂದು ಕಳೆದು 30 ಅಂದರು. ಐದು ಅಂಕ, ಮೇಲೆ ಚಪ್ಪಾಳೆ. ಕೀ ಉತ್ತರದ ಹಾಳೆಯಲ್ಲಿ 30 ಅಂತಲೇ ಇತ್ತು. ಹಳದಿ ಕೆಂಪು ಬಾವುಟದ ಕೆಳಗೆ, ಹಾರ ಹಾಕಿದ ಭುವನೇಶ್ವರಿಯ ಫೋಟೋ ಎದುರಿಗೇ, ಒಂದಿಡೀ ಜಿಲ್ಲೆಯನ್ನು ರಾಜ್ಯದಿಂದ ಆಚೆ ಹಾಕಲಾಯಿತು. ಹೊಸಪೇಟೆಯವರ ಕಿವಿಗೆ ಬೀಳದಿರಲಿ.

ಮೇಷ್ಟ್ರನ್ನು ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತಿರುವುದೇ: “ಪುಸ್ತಕದಲ್ಲಿ ಹಂಗೇ ಅದೆ.”

ಪುಸ್ತಕ ಅಂದರೆ ಗೈಡು. ಬ್ರೌನ್ ಪೇಪರ್ ಹೊದ್ದು, ಬೆನ್ನಿಗೆ ಗಮ್ ಟೇಪ್ ಹಾಕಿಸಿಕೊಂಡು, ಸ್ಟಾಫ್ ರೂಮಿನ ಬೀರುವಿನಲ್ಲಿ ಹಾಜರಿ ಪುಸ್ತಕದ ಕೆಳಗೆ ಮಲಗಿರುವ ಜಿ.ಕೆ. ಗೈಡು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವ ಜನ ನಮ್ಮ ಸೀಮೆಯ ದನದ ಜಾತ್ರೆಗಳಲ್ಲಿ ಈಗಲೂ ಇದ್ದಾರೆ. ಗೈಡಿಗೂ ಹಲ್ಲಿದೆ, ನೋಡಲು ಬರಬೇಕು ಅಷ್ಟೇ. ಮೊದಲು ಜಿಲ್ಲೆಗಳ ಪುಟ ತೆಗೆಯಿರಿ. 20 ಅಂತಿದ್ದರೆ 1997ಕ್ಕಿಂತ ಹಿಂದಿನದು. ಅದರಲ್ಲಿ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಳಗೇ ಇರುತ್ತದೆ. 27 ಅಂತಿದ್ದರೆ ಆ ವರ್ಷ ಏಳು ಜಿಲ್ಲೆ ಒಟ್ಟಿಗೆ ಹುಟ್ಟಿದ ಮೇಲಿನದು. 29 ಇದ್ದರೆ ರಾಮನಗರ, ಚಿಕ್ಕಬಳ್ಳಾಪುರ ಬಂದ 2007 ದಾಟಿದೆ. 30 ಇದ್ದರೆ ಯಾದಗಿರಿ ಬಂದಾಗಿದೆ, ವಿಜಯನಗರ ಬಂದಿಲ್ಲ. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಅಂದರೆ ಶನಿವಾರದ ಗೈಡಿನ ಹಲ್ಲು ಲೆಕ್ಕ ಹಾಕಿ. ಅದು ಹಲ್ಲೆಲ್ಲ ಬಂದು ಬಾಯಿಗೂಡಿ ಎಷ್ಟೋ ಕಾಲವಾದ ಎತ್ತು.

ಅನುಮಾನ ಉಳಿದರೆ ಇನ್ನೊಂದು ಹಲ್ಲು ನೋಡಿ. ಗ್ರಹಗಳು ಒಂಬತ್ತು ಅಂತಿದ್ದರೆ 2006ರ ಆಗಸ್ಟಿಗಿಂತ ಹಿಂದಿನದು. ಆ ತಿಂಗಳು ಪ್ಲೂಟೋವನ್ನು ಕುಬ್ಜಗ್ರಹದ ಸಾಲಿಗೆ ಇಳಿಸಿದರು. ರಾಜ್ಯಗಳು 29 ಅಂತಿದ್ದರೆ 2014ರ ಜೂನಿನಲ್ಲಿ ತೆಲಂಗಾಣ ಬಂದಮೇಲೆ, 2019ರ ಅಕ್ಟೋಬರ್ ಕೊನೆಗೆ ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾಗುವ ಮೊದಲು. ಈಗ ರಾಜ್ಯ 28, ಕೇಂದ್ರಾಡಳಿತ ಪ್ರದೇಶ 8. ಲೋಕಸಭೆಯ ಸ್ಥಾನ 545 ಅಂತಿದ್ದರೆ ನಾಮಕರಣಗೊಳ್ಳುವ ಇಬ್ಬರು ಆಂಗ್ಲೋ ಇಂಡಿಯನ್ ಸದಸ್ಯರು ಇನ್ನೂ ಕೂತಿದ್ದಾರೆ ಅಂತ ಅರ್ಥ; 2020ರ ಜನವರಿಯಿಂದ ಆ ಎರಡು ಕುರ್ಚಿ ಇಲ್ಲ, 543 ಅಷ್ಟೇ. ಅದೇ ಕಾರಣಕ್ಕೆ ನಮ್ಮ ವಿಧಾನಸಭೆಯೂ 225ರಿಂದ 224ಕ್ಕೆ ಇಳಿಯಿತು. ಎವರೆಸ್ಟ್ 8,848 ಮೀಟರ್ ಅಂತ ಅಲ್ಲಿಗೇ ನಿಂತಿದ್ದರೆ 2020ರ ಡಿಸೆಂಬರಿಗಿಂತ ಹಳೆಯದು. ಆ ತಿಂಗಳು ನೇಪಾಳ, ಚೀನಾ ಒಟ್ಟಿಗೆ ಹೊಸ ಎತ್ತರ ಘೋಷಿಸಿ 86 ಸೆಂಟಿಮೀಟರ್ ಸೇರಿಸಿದವು. ಅತಿ ಹೆಚ್ಚು ಚಂದ್ರರು ಯಾವ ಗ್ರಹಕ್ಕೆ ಅನ್ನುವುದಂತೂ ಕೇಳಲೇಬಾರದ ಪ್ರಶ್ನೆ. ಒಮ್ಮೆ ಗುರು, ಒಮ್ಮೆ ಶನಿ ಅಂತ ಅದಲು ಬದಲಾಗುತ್ತಿತ್ತು. 2025ರಲ್ಲಿ ಒಂದೇ ಸಲಕ್ಕೆ 128 ಹೊಸ ಚಂದ್ರರು ಸೇರಿ ಶನಿಯ ಲೆಕ್ಕ 274ಕ್ಕೆ ಹೋಯಿತು. ಶನಿ ಹಿಡಿದರೆ ಬಿಡುವುದಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಇನ್ನೂ ಮೋಸದ ಗೈಡುಗಳಿವೆ. ರಕ್ಷಾಪುಟದ ಮೇಲೆ ಈ ವರ್ಷದ ಇಸವಿ, ‘ಪರಿಷ್ಕೃತ ಆವೃತ್ತಿ’ ಅಂತ ಕೆಂಪು ಪಟ್ಟಿ. ಒಳಗೆ ಜಿಲ್ಲೆ 31, ನಾಲ್ಕು ಪುಟ ತಿರುವಿದರೆ ಗ್ರಹ ಒಂಬತ್ತು. ಒಂದು ಹಾಲುಹಲ್ಲು, ಪಕ್ಕದ್ದು ಸವೆದು ನೆಲ ಮುಟ್ಟಿರುವಂಥದ್ದು. ಇಂಥ ಎತ್ತನ್ನು ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಎಷ್ಟು ಕಮ್ಮಿಗೆ ಕೊಟ್ಟರೂ ಯಾರೂ ಕೊಳ್ಳುವುದಿಲ್ಲ. ಗೈಡನ್ನು ಕೊಳ್ಳುತ್ತಾರೆ, ಯಾಕಂದರೆ ರಕ್ಷಾಪುಟದಲ್ಲಿ ರಾಕೆಟ್ ಇದೆ.

ಹಳತಾಗಿ ಕೆಟ್ಟ ಉತ್ತರಕ್ಕಾದರೂ ಒಂದು ಕಾಲದ ಮರ್ಯಾದೆ ಉಂಟು, ಅದು ಒಮ್ಮೆ ಸರಿಯಾಗಿಯೇ ಇತ್ತು. ಹುಟ್ಟಿನಿಂದಲೇ ತಪ್ಪಾಗಿದ್ದೂ ತಲೆಮಾರುಗಟ್ಟಲೆ ಅಂಕ ತಗೊಂಡು ಬಂದ ಉತ್ತರಗಳದ್ದೇ ದೊಡ್ಡ ಗೋಳು. ಭಾರತದ ರಾಷ್ಟ್ರೀಯ ಕ್ರೀಡೆ? ಇಡೀ ಸಭೆ ‘ಹಾಕಿ’ ಅನ್ನುತ್ತದೆ. ಸರ್ಕಾರ ಯಾವ ಆಟವನ್ನೂ ಹಾಗೆ ಅಧಿಕೃತವಾಗಿ ಘೋಷಿಸಿಲ್ಲ. 2012ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ ಕ್ರೀಡಾ ಸಚಿವಾಲಯವೇ ಹಾಗೆ ಉತ್ತರ ಕೊಟ್ಟಿದೆ. ರಾಷ್ಟ್ರಭಾಷೆಯೂ ಅಷ್ಟೇ. ಸಂವಿಧಾನದಲ್ಲಿ ಇರುವುದು ಒಕ್ಕೂಟದ ಆಡಳಿತ ಭಾಷೆ ಅನ್ನುವ ಮಾತು, ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳು, ಅವುಗಳಲ್ಲಿ ನಮ್ಮದೂ ಒಂದು. ಚೀನಾದ ಮಹಾಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುತ್ತದೆ ಅನ್ನುವುದೂ ಸುಳ್ಳೇ. ಗೋಡೆ ಉದ್ದ ಇರಬಹುದು, ಅಗಲ ನಮ್ಮ ಹೆದ್ದಾರಿಯಷ್ಟೂ ಇಲ್ಲ. ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಆಚೆಯಿಂದ ಗೋಡೆ ಕಾಣುವುದಾದರೆ ಬೆಂಗಳೂರು–ಮೈಸೂರು ರಸ್ತೆಯ ಟೋಲ್ ಸಾಲೂ ಕಾಣಬೇಕು.

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ಕೇಳಿದರೆ 100 ಅನ್ನಬೇಕು. ಅದು ಸಮುದ್ರಮಟ್ಟದ ಮಾತು. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಮ್ಮಿ, ಹೆಚ್ಚುಕಮ್ಮಿ 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕಾಫಿಗೆ ಇಟ್ಟ ನೀರು 97.5ರ ಆಸುಪಾಸಿನಲ್ಲೇ ಕುದಿದು ಮುಗಿಸುತ್ತದೆ. ಮಂಡ್ಯ ಅದಕ್ಕಿಂತ ಸ್ವಲ್ಪ ತಗ್ಗು. “ಎಲ್ಲಿ ಸಾ? ಚಾಮುಂಡಿ ಬೆಟ್ಟದ ಮ್ಯಾಲಾ, ಕೆಳಗಾ?” ಅಂತ ಒಬ್ಬ ಕೇಳಿದರೆ ಅವನಿಗೆ ಹತ್ತರ ಬದಲು ಹದಿನೈದು ಅಂಕ ಕೊಡಬೇಕು. ಕೊಡುವುದು ಏನು ಅಂತ ನಿಮಗೇ ಗೊತ್ತು: ಶಿಸ್ತಿನ ಬಗ್ಗೆ ಎರಡು ಮಾತು.

ಪ್ರಶ್ನೆ ಮಾಡುವುದು ಹೋಟೆಲಿನ ಚಟ್ನಿಯಂತೆ, ಬೆಳಿಗ್ಗೆಯದು ಸಂಜೆಗೆ ಬಡಿಸಬಾರದು. ಆರು ತಂಡ, ನಾಲ್ಕು ಸುತ್ತು ಅಂದರೆ 24 ಪ್ರಶ್ನೆ. ಅದರ ಮೇಲೆ ಆರು ಮೀಸಲು, ಸಮಬಲಕ್ಕೆ ಐದು, ಸಭಿಕರಿಗೆ ಹತ್ತು. ಒಟ್ಟು 45. ಇದಕ್ಕೆ ಒಂದು ವಾರ ಬೇಕು. ನಮ್ಮಲ್ಲಿ ಶುಕ್ರವಾರ ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದ ಮೇಲೆ ಶುರುವಾಗಿ ಐದೂಕಾಲರ ಬಸ್ಸಿಗೆ ಮುಗಿಯುತ್ತದೆ. ಒಂದೊಂದು ಪ್ರಶ್ನೆಗೂ ಒಂದೇ ಒಂದು ಕೆಲಸ ಮಾಡಿದ್ದರೆ ಸಾಕಿತ್ತು: ಇದಕ್ಕೆ ಇನ್ನೊಂದು ಸರಿಯುತ್ತರ ಇದೆಯಾ ಅಂತ ಹುಡುಕುವುದು. ‘ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಧಾತು ಯಾವುದು?’ ಕೀಯಲ್ಲಿ ಪಾದರಸ. ಮಗು ಬ್ರೋಮಿನ್ ಅಂದರೆ ಅದೂ ಸರಿ. ‘ಲೋಹ’ ಅಂತ ಎರಡಕ್ಷರ ಸೇರಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ‘ಕಾವೇರಿಯ ಉಪನದಿ ಯಾವುದು?’ ಅನ್ನುವ ಪ್ರಶ್ನೆಗೆ ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಲೋಕಪಾವನಿ, ಕಬಿನಿ, ಶಿಂಷಾ, ಅರ್ಕಾವತಿ ಎಲ್ಲವೂ ಸಾಲಾಗಿ ನಿಂತಿವೆ. ಕೀಯಲ್ಲಿ ಒಂದೇ ಇರುತ್ತದೆ, ಉಳಿದವು ಬತ್ತಿಹೋಗಿವೆ ಅಂತ ತಿಳಿಯಬೇಕು.

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಇಸವಿಯನ್ನಂತೂ ಮಂಡ್ಯದಲ್ಲಿ ಕೇಳಬಾರದು. ಸೆಪ್ಟೆಂಬರ್ 15 ಅನ್ನುವುದರಲ್ಲಿ ತಕರಾರಿಲ್ಲ. ಇಸವಿ ಕೆಲವು ಪುಸ್ತಕದಲ್ಲಿ 1860, ಕೆಲವದರಲ್ಲಿ 1861. ಮನೆಮನೆಯ ಗೋಡೆಯ ಮೇಲೆ ದೇವರ ಪಕ್ಕದಲ್ಲಿ ಅವರ ಫೋಟೋ ಇರುವ ಊರಿನಲ್ಲಿ ಈ ಪ್ರಶ್ನೆ ಹಾಕಿದರೆ ಎರಡೂ ಕಡೆಯ ಪೋಷಕರು ಎದ್ದು ವೇದಿಕೆಗೆ ಬರುತ್ತಾರೆ. ಭಾರತರತ್ನ ಯಾವಾಗ ಬಂತು ಅಂತ ಕೇಳಿ: 1955, ಮುಗಿಯಿತು. ಕನ್ನಂಬಾಡಿ ಕಟ್ಟೆಯ ‘ಎತ್ತರ ಎಷ್ಟು’ ಅಂತಲೂ ಕೇಳಬೇಡಿ. ಮಂಡ್ಯದ ಮಗು ನಿದ್ದೆಯಲ್ಲೂ 124.80 ಅಡಿ ಅನ್ನುತ್ತದೆ. ಅದು ನೀರಿನ ಗರಿಷ್ಠ ಮಟ್ಟ, ಕಟ್ಟೆ ಅದಕ್ಕಿಂತ ಎತ್ತರ ಇದೆ. ಇಲ್ಲದಿದ್ದರೆ ಶ್ರೀರಂಗಪಟ್ಟಣ ಎಲ್ಲಿರುತ್ತಿತ್ತು? ಇನ್ನು ಇರ್ವಿನ್. ಮೈಸೂರು ಅರಮನೆಯ ನಕ್ಷೆ ಬರೆದವರು ಹೆನ್ರಿ ಇರ್ವಿನ್. ಈಗಿನ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಇರ್ವಿನ್ ಹೆಸರು ವೈಸ್‌ರಾಯ್ ಲಾರ್ಡ್ ಇರ್ವಿನ್ ಅವರದ್ದು. ಗೈಡಿನಲ್ಲಿ ಇಬ್ಬರೂ ಒಂದೇ ಮನುಷ್ಯ. 1912ರಲ್ಲಿ ಅರಮನೆ ಮುಗಿಸಿ, ಕೈ ತೊಳೆದುಕೊಂಡು, ನಾಲೆ ತೋಡಲು ಬಂದ ಅಂತ ಕಾಣುತ್ತದೆ.

ಚಿತ್ರ ಸುತ್ತಿನ ಮಾತು ಬಂದರೆ ಪೇಟ. ಪರದೆಯಿಲ್ಲದ ಕಿಟಕಿ, ಹನ್ನೊಂದು ಗಂಟೆಯ ಬಿಸಿಲು, ಪ್ರೊಜೆಕ್ಟರಿನ ಬೆಳಕು ಗೋಡೆಯ ಮೇಲೆ ನೀರು ಮಜ್ಜಿಗೆ. ಮುಖ ಕಾಣುವುದಿಲ್ಲ, ಪೇಟ ಮಾತ್ರ ಕಾಣುತ್ತದೆ. ಪೇಟ ಕಂಡರೆ ವಿಶ್ವೇಶ್ವರಯ್ಯ. ಸಿ.ವಿ. ರಾಮನ್ ಬಂದರೂ ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಬಂದರೂ ವಿಶ್ವೇಶ್ವರಯ್ಯ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡಿದ್ದ ರಾಧಾಕೃಷ್ಣನ್ ಬಂದರೂ ಅವರೇ. ಆರು ಚಿತ್ರದಲ್ಲಿ ಒಂದಕ್ಕಾದರೂ ಆ ಉತ್ತರ ಸರಿಯಾಗುತ್ತದೆ ಅನ್ನುವುದು ಮಕ್ಕಳ ಲೆಕ್ಕ, ತಪ್ಪಿಲ್ಲ.

ಇಷ್ಟೆಲ್ಲ ಸಹಿಸಬಹುದು. ಪ್ರಶ್ನೆ ಓದುವ ಮೇಷ್ಟ್ರ ದನಿಯನ್ನು ಸಹಿಸುವುದು ಕಷ್ಟ.

ಅವರು ಒಳ್ಳೆಯವರು, ಮೊದಲೇ ಹೇಳಿಬಿಡಬೇಕು. ಭಾನುವಾರ ಬಿಟ್ಟುಕೊಂಡು ಬಂದು ಬೆಂಚು ಎಳೆಸುವವರೂ ಅವರೇ, ಮಕ್ಕಳಿಗೆ ಚಿತ್ರಾನ್ನ ಬಂತಾ ಅಂತ ವಿಚಾರಿಸುವವರೂ ಅವರೇ. ಆದರೆ ಮೈಕು ಕೈಗೆ ಬಂದರೆ ಗುಟ್ಟು ನಿಲ್ಲುವುದಿಲ್ಲ. “ಗೊರೂರಿನಲ್ಲಿ ಯಾವ ನದಿಗೆ ಅಣೆಕಟ್ಟು ಕಟ್ಟಿದ್ದಾರೆ? ಎ, ಕಬಿನಿ. ಬಿ, ಶಿಂಷಾ. ಸಿ…” ಇಲ್ಲಿ ಒಂದು ಉಸಿರು. ಕನ್ನಡಕ ಮೂಗಿನ ತುದಿಗೆ. “ಹೇ… ಮಾ… ವತೀ. ಡಿ ತುಂಗಭದ್ರ.” ಮೊದಲೆರಡು ನದಿ ಬೇಸಿಗೆಯವು, ಮೂರನೆಯದಕ್ಕೆ ಪ್ರವಾಹ, ನಾಲ್ಕನೆಯದು ಡಿ ಜೊತೆಗೇ ಅಂಟಿಕೊಂಡು ಗಂಟಲಿನಲ್ಲೇ ಇಂಗಿಹೋಯಿತು. ಪ್ರಶ್ನೆ ಕೇಳಿಸದಷ್ಟು ದೂರ ಕೂತವರೂ ಉತ್ತರ ಬರೆದುಕೊಳ್ಳಬಹುದು.

ಇದಕ್ಕೆ ಕಾರಣ ಮೇಷ್ಟ್ರ ಗಂಟಲಲ್ಲ, ಕೈಯಲ್ಲಿರುವ ಹಾಳೆ. ಪ್ರಶ್ನೆ, ಆಯ್ಕೆ, ಉತ್ತರ ಮೂರೂ ಒಂದೇ ಹಾಳೆಯಲ್ಲಿ. ಉತ್ತರದ ಸುತ್ತ ಕೆಂಪು ಇಂಕಿನ ಸೊನ್ನೆ. ನಾಲಿಗೆ ‘ಎ’ ಹತ್ತಿರ ಇರುವಾಗಲೇ ಕಣ್ಣು ಕೆಂಪಿನ ಹತ್ತಿರ ಹೋಗಿ ಕೂತಿರುತ್ತದೆ, ನಾಲಿಗೆ ಅಲ್ಲಿಗೆ ಬಂದಾಗ ನೆಂಟರು ಸಿಕ್ಕಂತೆ ಹಿಗ್ಗುತ್ತದೆ. ಓದುವವರ ಹಾಳೆಯಲ್ಲಿ ಉತ್ತರವೇ ಇರಬಾರದು. ಕೀ ಹಿಡಿದುಕೊಂಡು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಅದನ್ನು ಹೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಅನ್ನುವ ಮಾತು ಬರುತ್ತದೆ. ಆಯ್ಕೆಗಳನ್ನು ಬರೆಯುವಾಗಲೂ ಇದೇ ಕಥೆ. ಸರಿಯುತ್ತರವನ್ನು ಬಚ್ಚಿಡಲು ಎಲ್ಲರಿಗೂ ‘ಸಿ’ಯೇ ಸುರಕ್ಷಿತ ಅನಿಸುತ್ತದೆ. ತಪ್ಪು ಆಯ್ಕೆ ಒಂದೊಂದು ಪದ, ಸರಿಯಾದದ್ದು ಮಾತ್ರ ಸೀರೆ ಉಟ್ಟು, ಒಡವೆ ಹಾಕಿಕೊಂಡು ಒಂದು ಸಾಲು ಉದ್ದ. ಟ್ಯೂಷನ್‌ಗೆ ಹೋಗದ ಮಗುವೂ ನಾಲ್ಕನೇ ಪ್ರಶ್ನೆಯ ಹೊತ್ತಿಗೆ ಇದನ್ನು ಕಲಿತಿರುತ್ತದೆ. ಕಲಿಕೆ ಆಗುತ್ತಿಲ್ಲ ಅಂತ ಯಾರೂ ಹೇಳುವಂತಿಲ್ಲ.

ದನಿ ಸಾಲದು ಅಂತ ಟಿ.ವಿ. ನೋಡಿ ಕಲಿತದ್ದು ಇನ್ನೊಂದು: “ಗ್ಯಾರಂಟಿನಾ ಮಗಾ?”

ಟಿ.ವಿ.ಯಲ್ಲಿ ಅದನ್ನು ಎಲ್ಲ ಉತ್ತರಕ್ಕೂ ಕೇಳುತ್ತಾರೆ, ಅದರ ಸ್ವಾರಸ್ಯ ಇರುವುದೇ ಅಲ್ಲಿ. ನಮ್ಮ ಮೇಷ್ಟ್ರು ತಪ್ಪು ಉತ್ತರಕ್ಕೆ ಮಾತ್ರ ಕೇಳುತ್ತಾರೆ. ಸರಿಯುತ್ತರ ಬಂದರೆ ಪಾಪ, ತಡೆಯಲಾಗದೆ ಕನ್ನಡಕ ತೆಗೆದು “ಶಭಾಷ್!” ಅಂದುಬಿಡುತ್ತಾರೆ. ಎರಡನೇ ಸುತ್ತಿನ ಹೊತ್ತಿಗೆ ಆರೂ ತಂಡಕ್ಕೆ ಈ ಯಂತ್ರದ ಕೀಲು ಸಿಕ್ಕಿತ್ತು.

“ಮಾನವನ ದೇಹದ ಅತಿ ಚಿಕ್ಕ ಮೂಳೆ ಎಲ್ಲಿದೆ?”

“ಮೂಗಲ್ಲಿ ಸಾ.”

“ಗ್ಯಾರಂಟಿನಾ ಮಗಾ?”

“ಅಲ್ಲ ಸಾ, ಕಿರುಬೆರಳಲ್ಲಿ.”

“ಗ್ಯಾ…ರಂಟಿನಾ?”

“ಕಿವಿಯಲ್ಲಿ ಸಾ.”

ಕನ್ನಡಕ ಹೊರಗೆ ಬಂತು. ಶಭಾಷ್, ಹತ್ತು ಅಂಕ. ವಯಸ್ಕರ 206 ಮೂಳೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಲು ಸಮಯ ಇದ್ದಿದ್ದರೆ ಆ ಹುಡುಗ ಅಂಗರಚನಾಶಾಸ್ತ್ರವನ್ನೇ ಮುಗಿಸುತ್ತಿದ್ದ. ಮೂವತ್ತು ಸೆಕೆಂಡಿನೊಳಗೆ ಮೊದಲು ಬಾಯಿಂದ ಬಂದದ್ದೇ ಉತ್ತರ ಅನ್ನುವ ನಿಯಮ ಕಾಗದದಲ್ಲಿದೆ. ಆದರೆ ‘ಗ್ಯಾರಂಟಿನಾ’ ಅಂತ ಕೇಳಿದ ಮೇಲೆ ಬದಲಿಸಬೇಡ ಅನ್ನುವುದು ಹೇಗೆ? ಊಟಕ್ಕೆ ಕೂರಿಸಿ ಎಲೆ ಎತ್ತಿದಂತೆ ಆಗುತ್ತದೆ. ಸಭಿಕರಲ್ಲಿ ಕೂತ ತಾಯಂದಿರಿಗೂ ಇದು ಅನುಕೂಲವೇ. ಮೇಷ್ಟ್ರು ‘ಗ್ಯಾರಂಟಿನಾ’ ಅಂದು ಮಗುವಿನ ಕಡೆ ತಿರುಗುವಷ್ಟರಲ್ಲಿ ಮೂರನೇ ಸಾಲಿನಲ್ಲಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಒಬ್ಬರು ಕಿವಿ ಮುಟ್ಟಿಕೊಂಡಿರುತ್ತಾರೆ.

ಮೂರನೇ ಸುತ್ತಿಗೆ ಒಬ್ಬ ಘಾಟಿ ಹುಡುಗ ಉತ್ತರ ಗೊತ್ತಿದ್ದರೂ ಬೇಕೆಂದೇ ಮೊದಲು ತಪ್ಪು ಹೇಳಿ, ‘ಗ್ಯಾರಂಟಿನಾ’ ಬರಿಸಿಕೊಂಡು, ಆಮೇಲೆ ಸರಿ ಹೇಳಿ ಕೂತ. ಯಾಕೆ ಅಂತ ಪಕ್ಕದವನು ಕೇಳಿದ್ದಕ್ಕೆ, “ಮೇಷ್ಟ್ರಿಗೂ ಒಂಚೂರು ಕೆಲ್ಸ ಬ್ಯಾಡ್ವೇನ್ಲಾ” ಅಂದ.

ಆ ಹುಡುಗಿಯ ಸರದಿ ಬಂದದ್ದು ಇದರ ಮಧ್ಯೆಯೇ. ಅವಳು 31 ಅಂದಳು. ಮೇಷ್ಟ್ರು ಹಾಳೆ ನೋಡಿದರು, ಅವಳನ್ನು ನೋಡಿದರು. “ಗ್ಯಾರಂಟಿನಾ ಮಗಾ?” ಅಂದರು. ಎಲ್ಲ ತಂಡಗಳೂ ಬದಲಾಯಿಸು, ಬದಲಾಯಿಸು ಅನ್ನುವಂತೆ ಅವಳನ್ನೇ ನೋಡಿದವು. ಅವಳ ಜೊತೆಗಾತಿ ಮೇಜಿನ ಕೆಳಗೆ ಕಾಲೂ ತುಳಿದಳು.

“ಗ್ಯಾರಂಟಿ ಸಾ. ವಿಜಯನಗರ ಸೇರಿ ಮೂವತ್ತೊಂದು.”

“ಅದು ಕೃಷ್ಣದೇವರಾಯನ ಕಾಲ್ದು ಕಣವ್ವಾ.”

ಸಭೆ ನಕ್ಕಿತು. ಬೆಳಗಿನಿಂದ ಆ ಪ್ರಶ್ನೆಗೆ ‘ಗ್ಯಾರಂಟಿ’ ಅಂದವಳು ಅವಳೊಬ್ಬಳೇ.

ಐದು ಅಂಕ ಪಕ್ಕದ ತಂಡಕ್ಕೆ ಹೋದದ್ದರಲ್ಲೂ ಒಂದು ಅನ್ಯಾಯವಿದೆ, ಅದು ಕುರ್ಚಿಯದ್ದು. ಪಾಸ್ ಯಾವಾಗಲೂ ಎಡದಿಂದ ಬಲಕ್ಕೆ ಹೋಗುವುದಾದರೆ, ದುರ್ಬಲ ತಂಡದ ಬಲಗಡೆ ಕೂತವರಿಗೆ ಹಬ್ಬ. ಬಿಟ್ಟ ಪ್ರಶ್ನೆಗಳೆಲ್ಲ ಮೊದಲು ಅವರ ಮಡಿಲಿಗೇ ಬೀಳುತ್ತವೆ. ನಾಲೆಯ ಮೇಲ್ಭಾಗದ ಗದ್ದೆಯವರಿಗೆ ನೀರು ಮೊದಲು ಸಿಕ್ಕಂತೆ. ಕೊನೆ ಭಾಗದವರ ಪಾಡು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರ ಸುಲಭ. ಚೀಟಿ ಎತ್ತಿ ಜಾಗ ಕೊಡುವುದು, ಒಂದು ಸುತ್ತು ಬಲಕ್ಕೆ ಓಡಿಸಿದರೆ ಮುಂದಿನ ಸುತ್ತು ಎಡಕ್ಕೆ ಓಡಿಸುವುದು. ಇನ್ನೂ ಚೆನ್ನಾಗಿ ಬೇಕಾದರೆ ನೇರ ಪ್ರಶ್ನೆ, ಪಾಸ್ ಪ್ರಶ್ನೆ ಅನ್ನುವ ಭೇದವೇ ಬಿಟ್ಟು, ಉತ್ತರಿಸಿದ ತಂಡದ ಪಕ್ಕದವರಿಂದ ಮುಂದಿನ ಪ್ರಶ್ನೆ ಶುರುಮಾಡಿ, ಯಾರು ಹೇಳಿದರೂ ಹತ್ತೇ ಅಂಕ ಕೊಡುವುದು. ಆಗ ಪಾಸ್ ಬಂದದ್ದು ಅದೃಷ್ಟ ಅನ್ನುವ ಮಾತು ಕಮ್ಮಿಯಾಗುತ್ತದೆ. ಲೆಕ್ಕ ಬರೆಯುವವರಿಗೆ ಗೊಂದಲವಾಗುತ್ತದೆ ಅಂತ ಇದನ್ನು ಯಾರೂ ಮಾಡುವುದಿಲ್ಲ.

ಬಜರ್ ಬಗ್ಗೆ ಹೆಚ್ಚು ಹೇಳುವುದು ಬೇಡ. ಕಾಲಿಂಗ್ ಬೆಲ್ಲಿನ ಸ್ವಿಚ್ಚಿಗೆ ಬಲ್ಬು ಕಟ್ಟಿದ್ದರು. ಮೊದಲು ಒತ್ತಿದವರು ಉಳಿದವರ ದಾರಿ ಮುಚ್ಚುವಂಥ ರಿಲೇ ಒಳಗಿಲ್ಲದಿದ್ದರೆ ಅದು ಬಜರ್ ಅಲ್ಲ, ಸೀರಿಯಲ್ ಸೆಟ್. ಆರೂ ಬಲ್ಬು ಒಟ್ಟಿಗೆ ಹತ್ತಿ ದಸರಾ ನೆನಪಾಯಿತು. ಕೊನೆಗೆ ತಟ್ಟೆ ಚಮಚ ತರಿಸಿದರು. ಆರು ತಟ್ಟೆಯದೂ ಒಂದೇ ಸದ್ದು, ಹೊಡೆದದ್ದು ಯಾರೋ ತಿಳಿಯದು. ಒಂದು ತಂಡಕ್ಕೆ ತಟ್ಟೆ, ಒಂದಕ್ಕೆ ಲೋಟ, ಒಂದಕ್ಕೆ ಗಂಟೆ ಅಂತ ಬೇರೆಬೇರೆ ಕೊಟ್ಟಿದ್ದರೆ ಸರಿಹೋಗುತ್ತಿತ್ತು. ಇತ್ತ ಮೈಕು ಕೂಗಿದ್ದು, ಸ್ಪೀಕರ್ ಪೆಟ್ಟಿಗೆಯನ್ನು ಮೇಷ್ಟ್ರ ಬೆನ್ನ ಹಿಂದೆ ಇಟ್ಟಿದ್ದರಿಂದ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ದೊಡ್ಡದಾಗಿ ಹೊರಬಂದು, ಪುನಃ ಹೊಕ್ಕು ಕಿರುಚುತ್ತದೆ. ಪೆಟ್ಟಿಗೆಯನ್ನು ಮೈಕಿಗಿಂತ ಎರಡು ಮಾರು ಮುಂದಕ್ಕೆ ತಳ್ಳಿದರೆ ಮುಗಿಯಿತು. ತಳ್ಳುವ ಬದಲು ಎಲ್ಲರೂ ಮೈಕನ್ನು ತಟ್ಟುತ್ತಾರೆ, ಮಗುವಿಗೆ ತೇಗು ಬರಿಸುವ ಹಾಗೆ.

ಇಷ್ಟು ಮಾಡಿ ಕೇಳುವುದಾದರೂ ಏನು? ಮಂಗೋಲಿಯಾದ ರಾಜಧಾನಿ. ಉಲಾನ್‌ಬಾತರ್ ಅಂತ ಮೂರನೇ ಕ್ಲಾಸಿನವರೂ ಹೇಳುತ್ತಾರೆ, ಸಂತೋಷ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದು ಮೈಸೂರಿನದೇ, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಹೋಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಗುಲಿ, ಬೆಳಕು ಬಿದ್ದು ಕಪ್ಪಾಗುವುದರಿಂದ ಸೋಪಿಗೆ ಬಗ್ಗುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಯಾವ ಊರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂತು? ಮೈಸೂರು, 1905. ‘ಆಕಾಶವಾಣಿ’ ಅನ್ನುವ ಹೆಸರು ಹೊತ್ತು ಎಂ.ವಿ. ಗೋಪಾಲಸ್ವಾಮಿಯವರ ಮನೆಯ ಬಾನುಲಿ ಮಾತಾಡಿದ್ದು ಎಲ್ಲಿ? ಮೈಸೂರು, 1935. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹೋದದ್ದು ಎಲ್ಲಿಂದ? ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ. ಟಿಎಂಸಿ ಅನ್ನುವ ಪದ ದಿನ ಬೆಳಗಾದರೆ ಪೇಪರಿನಲ್ಲಿ ಇರುತ್ತದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್, ಹಗಲು ರಾತ್ರಿ ಬಿಡದೆ 11,574 ಕ್ಯೂಸೆಕ್ ಹರಿದರೆ ಇಪ್ಪತ್ನಾಲ್ಕು ಗಂಟೆಗೆ ಒಂದು ಟಿಎಂಸಿ. ಇದು ಗಣಿತವೂ ಹೌದು, ಸಮಾಜವೂ ಹೌದು, ಅಪ್ಪನ ಭತ್ತದ ನಾಟಿಯೂ ಹೌದು. ಗೈಡಿನಲ್ಲಿ ಇಲ್ಲ.

ಕೊನೆಯ ಸುತ್ತಿನಲ್ಲಿ ಕರ್ನಾಟಕದ ರಾಜ್ಯಪಕ್ಷಿ ಯಾವುದು ಅಂತ ಕೇಳಿದರು. ನೀಲಕಂಠ ಅಂತ ಎಲ್ಲರಿಗೂ ಗೊತ್ತಿತ್ತು, ಹೆಸರು. ಸಭಾಂಗಣದ ಕಿಟಕಿಯಾಚೆ ಕಬ್ಬಿನ ಗದ್ದೆ, ಅದರ ಅಂಚಿಗೆ ಕರೆಂಟು ತಂತಿ, ತಂತಿಯ ಮೇಲೆ ಅದೇ ಹಕ್ಕಿ ಬೆಳಿಗ್ಗೆಯಿಂದ ಕೂತಿತ್ತು. ಕೂತಾಗ ಅದು ಮಣ್ಣು ಬಣ್ಣದ, ದಪ್ಪ ತಲೆಯ ಹಕ್ಕಿ, ಯಾರೂ ತಿರುಗಿ ನೋಡುವುದಿಲ್ಲ. ಹೆಸರಿನಲ್ಲಿ ನೀಲಿ ಕಂಠ ಇದೆ, ಕಂಠ ಮಾತ್ರ ನೀಲಿಯಲ್ಲ. ಮಿಡತೆ ಕಂಡು ತಂತಿಯಿಂದ ಹಾರಿದಾಗ ರೆಕ್ಕೆ ಬಿಚ್ಚುತ್ತದಲ್ಲ, ಆ ಗಳಿಗೆ ನೋಡಬೇಕು. ಅಷ್ಟೊಂದು ನೀಲಿಯನ್ನು ಅದು ಎಲ್ಲಿ ಮಡಚಿಟ್ಟುಕೊಂಡಿತ್ತು ಅನಿಸುತ್ತದೆ. ಅದು ಎರಡು ಸಲ ಹಾರಿತು. ಒಳಗೆ ಎಲ್ಲರೂ ಹತ್ತು ಸೆಕೆಂಡಿನ ಗಡಿಯಾರ ನೋಡುತ್ತಿದ್ದರು.

ಫಲಿತಾಂಶ ನಿಮಗೆ ಅಂದಾಜಾಗಿರಬೇಕು. 30 ಅಂದ ತಂಡ ಮೊದಲು, 31 ಅಂದವರು ಎರಡನೆಯವರು, ಮಧ್ಯೆ ಐದು ಅಂಕದ ಅಂತರ. ವಂದನಾರ್ಪಣೆ, ನಾಡಗೀತೆ, ಬಹುಮಾನ. ಮೊದಲನೆಯವರಿಗೆ ಜಿಲೇಟಿನ್ ಕಾಗದ ಸುತ್ತಿದ ಪುಸ್ತಕ, ಎರಡನೆಯವರಿಗೆ ಸ್ಟೀಲಿನ ಊಟದ ಡಬ್ಬಿ, ಮುಚ್ಚಳಕ್ಕೆ ಎರಡು ಕಡೆ ಕ್ಲಿಪ್ಪು. ವೇದಿಕೆ ಇಳಿಯುವ ಮೊದಲೇ ಗೆದ್ದ ಹುಡುಗನ ಕಣ್ಣು ಡಬ್ಬಿಯ ಮೇಲೆ ಬಿದ್ದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹತ್ತಿರ ಬಂದ.

“ಅದ್ಲು ಬದ್ಲು ಮಾಡ್ಕೊಳಾನಾ?”

ಹುಡುಗಿ ಪುಸ್ತಕ ಇಸ್ಕೊಂಡಳು. ಜಿಲೇಟಿನ್ ಕಾಗದ ಹರಿಯದಂತೆ ಒಂದು ಕಡೆಯಿಂದ ಬಿಡಿಸಿ, ಪರಿವಿಡಿ ನೋಡಿ, ನೇರ ಒಂದು ಪುಟಕ್ಕೆ ಹೋದಳು. ಬೆರಳಿಟ್ಟು ಓದಿದಳು. ಮುಚ್ಚಿ ವಾಪಸ್ ಕೊಟ್ಟಳು.

“ಇದ್ರಲ್ಲೂ ಮೂವತ್ತೇ ಅದೆ. ಬ್ಯಾಡ ಬುಡು.”